ಕಲಿಸಿದರೆ ಬಿಟ್ಟು ಹೋಗ್ತಾರಾ?

ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ವಾಲ್ವ್ ಬಿಡಿಭಾಗ ಮಾಡುವ ಸಣ್ಣ ಶಾಪ್ ನನ್ನದು. ಐಟಿಐ ಮುಗಿಸಿ ಬಂದ ಹುಡುಗರು ವರ್ಷ ತುಂಬುವುದರೊಳಗೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ದೊಡ್ಡ ಕಂಪನಿಗೋ ಪುಣೆಗೋ ಹಾರುತ್ತಿದ್ದರು. ಕಲಿಸಿದರೆ ಹೋಗ್ತಾರೆ ಅಂತ ಅಕ್ಕಪಕ್ಕದ ಮಾಲಕರು ಕಲಿಸೋದನ್ನೇ ಬಿಟ್ಟಿದ್ದರು. ಹೋದವರಿಗೆ ಫೋನ್ ಮಾಡಿ ಕೇಳಿದೆ. ಪಗಾರದ ಮಾತು ಬಂತು, ಆದರೆ ಅದಕ್ಕೂ ಮೊದಲು ಬಂದದ್ದು: "ಸರ್, ಬಟನ್ ಒತ್ತೋದು ಬಿಟ್ರ ಬ್ಯಾರೆ ಏನೂ ಕೊಡ್ಲಿಲ್ರಿ."

ಈಗ ಸೇರುವಾಗಲೇ ಹೇಳುತ್ತೇನೆ: ಮೊದಲು ಮೈಕ್ರೋಮೀಟರ್ ಹಿಡಿದು ಅಳೆಯೋದು, ಆಮೇಲೆ ಆಫ್‌ಸೆಟ್ (ಟೂಲಿನ ತುದಿ ಎಲ್ಲಿದೆ ಅಂತ ಮಷೀನಿಗೆ ತಿಳಿಸುವ ಅಳತೆ), ಟೂಲ್ ಸೆಟ್ಟಿಂಗ್, ಕೊನೆಗೆ ಪ್ರೋಗ್ರಾಂ. ಪ್ರತಿ ಮೆಟ್ಟಿಲಿಗೂ ಪಗಾರ ಏರುತ್ತದೆ.

ಹಿರಿಯರದು ಬೇರೆ ಕಥೆ. ಅವರು ನಿಂತದ್ದನ್ನು ನಾವು ನಿಷ್ಠೆ ಅಂತಿದ್ದೆವು. ಅದರಲ್ಲಿ 1972ರ ಕಾಯ್ದೆ ಕೊಟ್ಟ ಗ್ರಾಚ್ಯುಯಿಟಿಯ ಲೆಕ್ಕವೂ ಇತ್ತು, ಕೆಲಸ ಬಿಡುವಾಗ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ. ತಪ್ಪೇನಿಲ್ಲ. ಆದರೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಮೇಲೆ ನಡೆಯುವ ಮಷೀನ್, ಕಲಿಯಿರಿ ಅಂದಾಗ ಲೇತ್ ನಡೆಸುವ ನಮ್ಮ ಹಳೆಯ ಟರ್ನರ್ ಕಾಕಾ ಮುಖ ಗಂಟು ಹಾಕಿಕೊಂಡರು: "ನನ್ನ ತಗದ್ ಹಾಕಾಕ ದಾರಿ ಹುಡುಕಾಕತ್ತೀರೇನ್ರಿ?"

ಹಾಗಾಗಿ ಅವರನ್ನು ಕ್ಲಾಸಿಗೆ ಕಳಿಸಲಿಲ್ಲ. ಸಿಎನ್‌ಸಿ ಹುಡುಗನ ಪಕ್ಕ ನಿಲ್ಲಿಸಿದೆ, ಅವನಿಗೆ ಕಲಿಸಿರಿ ಅಂತ. ಕಾರ್ಬನ್ ಸ್ಟೀಲ್ ವಾಲ್ವ್ ಬಾಡಿಯಿಂದ ನೀಲಿ ಚಿಪ್ಸ್, ಅಂದರೆ ಕೊರೆದ ಲೋಹದ ಚೂರು, ಹಾರುತ್ತಿದ್ದಂತೆ ಕಾಕಾ ಕೂಗಿದರು, "ಏ ತಮ್ಮಾ, ನಿಲ್ಸು, ಟೂಲ್ ಸುಡಾಕತ್ತೈತಿ!" ಹಳೆಯ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲಿನ ಕಾಲದ ಕಣ್ಣು ಅದು, ಆಗ ಚಿಪ್ಸ್ ನೀಲಿ ಆದರೆ ಟೂಲ್ ಸುಡುತ್ತಿದೆ ಅಂತಲೇ ಲೆಕ್ಕ. ಹುಡುಗ ನಕ್ಕ: "ಕಾಕಾ, ಇದು ಕಾರ್ಬೈಡ್ ಟೂಲ್ ರೀ, ಬಿಸಿ ತಡಕೋತೈತಿ. ಕಾವು ಚಿಪ್ಸ್ ಜೋಡಿನ ಹೊರಗ ಹೋಗ್ತೈತಿ." ಸ್ವಲ್ಪ ಹೊತ್ತಿಗೆ ತೂತಿನ ಒಳಗೆ ಕೊರೆಯುವ ಬೋರಿಂಗ್ ಬಾರ್ ಕಿರುಗುಟ್ಟಿತು. ಹುಡುಗ ಸ್ಪೀಡ್ ಇಳಿಸುತ್ತ ಕೂತ. ಕಾಕಾ ಮಷೀನ್ ನಿಲ್ಲಿಸಿ, ಬಾರ್ ಸಡಿಲಿಸಿ ಒಳಗೆ ತಳ್ಳಿ ಬಿಗಿದರು. "ಭಾಳ ಉದ್ದ ಹೊರಗ ಬಿಟ್ಟೀಪಾ." ಹುಡುಗ ಮತ್ತೆ ಆಫ್‌ಸೆಟ್ ತೆಗೆದುಕೊಂಡ, ಸದ್ದು ಹೋಯಿತು, ಫಿನಿಶ್ ಬಂತು. ಆಫ್‌ಸೆಟ್ ಹೆಂಗ ತಗೋತಿ, ತೋರ್ಸು ಅಂತ ಕಾಕಾ ತಾವಾಗಿಯೇ ಕೇಳಿದ್ದು ಆವತ್ತು.

ಆ ಹುಡುಗ ಇನ್ನೂ ಇದ್ದಾನೆ. ಇನ್ನೊಬ್ಬ ಎಲ್ಲ ಕಲಿತೂ ಪುಣೆಗೆ ಹೋದ, ಹೋಗೋರು ಹೋಗ್ತಾರೆ. ಆದರೆ ತನ್ನ ತಮ್ಮನನ್ನು ನಮ್ಮಲ್ಲಿಗೇ ಸೇರಿಸಿದ.

ಕಲಿಸುವ ತಾಸನ್ನು ಕಾಕಾನ ಟಾರ್ಗೆಟ್‌ನಿಂದ ಕಳೆಯುತ್ತೇನೆ. ಪುಕ್ಕಟೆ ಕಲಿಸಿ ಅಂದರೆ ಯಾರೂ ಮನಸ್ಸಿಟ್ಟು ಕಲಿಸುವುದಿಲ್ಲ. ತಿಂಗಳ ಕೊನೆಗೆ ಪ್ರೊಡಕ್ಷನ್ ಕಡಿಮೆ ಬಂತು ಅಂತ ನಮ್ಮ ಪಾರ್ಟ್ನರ್ ಈಗಲೂ ತಕರಾರು ತೆಗೀತಾರೆ.