ಮಕ್ಕಳು ಫಾರ್ಮಿಗೆ ಬರುವ ದಿನಕ್ಕೆ 21 ದಿನ ಮುಂಚೆಯೇ ಕೆಲಸ ಶುರು

ವಸಂತದಲ್ಲಿ ಶಾಲೆಯ ಮಕ್ಕಳನ್ನು ಫಾರ್ಮಿಗೆ ಕರೆಸಿದ ಮೊದಲ ವರ್ಷ ನಾನು ಎಲ್ಲವನ್ನೂ ತೋರಿಸಲು ಹೋದೆ. ಹಸು, ಕುರಿ, ಕೋಳಿ, ಜೇನುಪೆಟ್ಟಿಗೆ, ಗೊಬ್ಬರದ ಗುಂಡಿ, ತರಕಾರಿ ಮಡಿ, ಎಲ್ಲವೂ ಎರಡೇ ಗಂಟೆಯಲ್ಲಿ. 40 ಮಕ್ಕಳು ಸಾಲಾಗಿ ನನ್ನ ಹಿಂದೆ ಬಂದರು. ಮುಂದಿದ್ದ ಐದಾರು ಜನಕ್ಕೆ ನನ್ನ ಮಾತು ಕೇಳಿಸಿತು, ಹಿಂದಿದ್ದವರು ಬೇಲಿ ಹತ್ತಿದರು. ಹೊರಡುವಾಗ ಏನು ಇಷ್ಟ ಆಯ್ತು ಅಂತ ಕೇಳಿದರೆ ಜಾಸ್ತಿ ಜನ ಬಸ್ಸು ಅಂದರು!

ಈಗ ಮೂರೇ ಜಾಗ. ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡುವ ಪೆಟ್ಟಿಗೆ, ಕುರಿಗಳ ದೊಡ್ಡಿ, ಬೀಜ ಹಾಕುವ ಮಡಿ. ಹತ್ತು ಹತ್ತು ಮಕ್ಕಳ ಗುಂಪು, ಒಂದೊಂದು ಕಡೆ ಅರ್ಧ ಗಂಟೆ. ಮಡಿಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ, ಮಣ್ಣು ಕೊಟ್ಟರೆ ಮಕ್ಕಳು ತಾವೇ ನೋಡಿಕೊಳ್ಳುತ್ತಾರೆ.

ತಲೆ ಓಡಿಸಬೇಕಾದದ್ದು ಮೊಟ್ಟೆಯ ವಿಷಯದಲ್ಲಿ. ಕೋಳಿಮೊಟ್ಟೆ ಮರಿಯಾಗಲು 21 ದಿನ. ಹಾಗಾಗಿ ಮಕ್ಕಳು ಬರುವ ತಾರೀಕಿನಿಂದ ಹಿಂದಕ್ಕೆ 21 ಎಣಿಸಿ ಮೊಟ್ಟೆ ಇಟ್ಟೆ. ಹಿಂದಿನ ರಾತ್ರಿಯೇ ಎಲ್ಲಾ ಒಡೆದು ಹೊರಗೆ ಬಂದುಬಿಟ್ಟವು. ಬೆಳಗ್ಗೆ ಮಕ್ಕಳಿಗೆ ಸಿಕ್ಕಿದ್ದು ಆಗಲೇ ಮೈ ಒಣಗಿ ಪುಕ್ಕ ಉಬ್ಬಿದ ಮರಿಗಳು ಮತ್ತು ಖಾಲಿ ಚಿಪ್ಪು. ಈಗ ಎರಡು ಪೆಟ್ಟಿಗೆ ಇಡುತ್ತೇನೆ. ಒಂದು ಮಕ್ಕಳು ಬಂದ ದಿನಕ್ಕೆ ಒಡೆಯುವಂಥದ್ದು, ಇನ್ನೊಂದು ಎಂಟು ಹತ್ತು ದಿನದ ಎಳೆಯ ಮೊಟ್ಟೆಗಳದ್ದು. ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಸೇರಿಸಲು ಆಗಲ್ಲ, ಯಾಕೆಂದರೆ ಕೊನೆಯ ಮೂರು ದಿನ ಮೊಟ್ಟೆ ತಿರುಗಿಸಬಾರದು, ತೇವ ಜಾಸ್ತಿ ಬೇಕು, ಎಳೆಯದಕ್ಕೆ ಅದೆಲ್ಲ ಉಲ್ಟಾ.

ಎಳೆಯ ಮೊಟ್ಟೆಯನ್ನು ಕತ್ತಲೆ ಕೋಣೆಯಲ್ಲಿ ಟಾರ್ಚಿನ ಮೇಲೆ ಇಡುತ್ತೇನೆ. ಒಳಗೆ ಜೇಡರ ಬಲೆಯ ಹಾಗೆ ಕೆಂಪು ನರಗಳು, ನಡುವೆ ಒಂದು ಕಪ್ಪು ಚುಕ್ಕೆ. ಆ ಚುಕ್ಕೆ ಅಲುಗಾಡುತ್ತದೆ. ಗದ್ದಲ ಮಾಡುತ್ತಿದ್ದ ಗುಂಪು ಅಲ್ಲಿ ತಾನಾಗಿ ಸುಮ್ಮನಾಗುತ್ತದೆ, ನಾನು ಒಮ್ಮೆಯೂ ಶ್ ಅಂದಿಲ್ಲ.

ಇನ್ನೊಂದು ಪೆಟ್ಟಿಗೆ ಹತ್ತಿರ ಬೇರೆ ಕಷ್ಟ. ಚಿಪ್ಪಿನಲ್ಲಿ ಮೊದಲ ತೂತು ಬಿದ್ದ ಮೇಲೆ ಮರಿ ಹೊರಗೆ ಬರಲು ಅರ್ಧ ದಿನವೋ ಒಂದು ದಿನವೋ ಬೇಕು, ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿ? ನಾವೇ ಸ್ವಲ್ಪ ಒಡೆದು ಕೊಡೋಣ ಅಂತ ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಒಳಪೊರೆಯಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ, ಕಿತ್ತರೆ ಮರಿಗೆ ರಕ್ತ ಸೋರುತ್ತದೆ ಅಂತ ಹೇಳಿದರೆ ಕೈ ಹಿಂದಕ್ಕೆ ಹೋಗುತ್ತದೆ. ಮುಚ್ಚಳ ತೆಗೆದರೂ ಕಷ್ಟವೇ, ತೇವ ಹೋಗಿ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಈಗ ಮುಚ್ಚಳಕ್ಕೆ ಟೇಪ್ ಸುತ್ತಿರುತ್ತೇನೆ. ಮಕ್ಕಳಿಗಿಂತ ಟೀಚರ್‌ಗಳೇ ಜಾಸ್ತಿ ತೆಗೆಯಲು ನೋಡುತ್ತಾರೆ ಅಂತ ಹೇಳಿದರೆ ಬೇಜಾರಾಗಬೇಡಿ.

ದೊಡ್ಡಿಯಲ್ಲಿ ನಿಯಮ ಒಂದೇ, ಕೆಳಗೆ ಕುಳಿತುಕೊಳ್ಳಿ. ಓಡಿಸಿ ಹಿಡಿದರೆ ಕುರಿಮರಿ ಹೆದರುತ್ತದೆ. ಸುಮ್ನೆ ಕುಳಿತರೆ ಅದೇ ಬಂದು ಶೂ ಲೇಸ್ ಎಳೆಯುತ್ತದೆ. ಹೊಸದಾಗಿ ಈದ ಕುರಿಯನ್ನು ಬೇರೆ ಕಟ್ಟಿರುತ್ತೇನೆ, ಅಲ್ಲಿಗೆ ಯಾರೂ ಹೋಗುವಂತಿಲ್ಲ. ಬಸುರಿ ಟೀಚರ್ ಇದ್ದರೆ ಈಯುವ ಕಾಲದ ಕುರಿಗಳ ಹತ್ತಿರ ಬರಲೇಬಾರದು, ಹೊಟ್ಟೆಯ ಮಗುವಿಗೆ ಅಪಾಯ ಮಾಡುವ ಸೋಂಕು ತಗಲಬಹುದು. ಇದನ್ನು ಶಾಲೆಗೆ ಮುಂಚೆಯೇ ಫೋನ್ ಮಾಡಿ ಹೇಳುತ್ತೇನೆ. ಆಮೇಲೆ ಸೋಪು, ಹರಿಯುವ ನೀರು. ಕೈಗೆ ಹಚ್ಚುವ ಜೆಲ್ ಸಾಕು ಅಂದುಕೊಂಡಿದ್ದೆ, ಸಾಲದು. ಮಣ್ಣು ಸಗಣಿ ಮೆತ್ತಿದ ಕೈಗೆ ಅದು ಕೆಲಸ ಮಾಡಲ್ಲ. ಕೈ ತೊಳೆದ ಮೇಲೆಯೇ ಊಟದ ಡಬ್ಬಿ ತೆಗೆಯುವುದು, ಅದೂ ಪ್ರಾಣಿಗಳಿಂದ ದೂರ.

ಹೋದ ವರ್ಷ ಒಂದು ಶಾಲೆಯವರು ಬಂದ ಬೆಳಗ್ಗೆಯೇ ಒಂದು ಕುರಿಮರಿ ಸತ್ತಿತ್ತು. ಮಕ್ಕಳಿಗೆ ಹೇಳಬೇಡಿ ಅಂದರು ಟೀಚರ್. ಆದರೆ ತಾಯಿ ಒಂದೇ ಸಮನೆ ಕೂಗುತ್ತಿತ್ತು, ಮಕ್ಕಳೇನು ಕಿವುಡರಾ? ಯಾಕೆ ಕೂಗುತ್ತಿದೆ ಅಂತ ಒಬ್ಬಳು ಕೇಳಿದಳು. ಮರಿ ಸತ್ತಿದೆ, ಹುಡುಕುತ್ತಿದೆ ಅಂದೆ. ಯಾರೂ ಅಳಲಿಲ್ಲ. ಪಕ್ಕದಲ್ಲಿ ಇನ್ನೊಂದು ಕುರಿಗೆ ಮೂರು ಮರಿ ಇದ್ದವು, ಹಾಲು ಸಾಲುತ್ತಿರಲಿಲ್ಲ. ಒಂದನ್ನು ಇದಕ್ಕೆ ಕೊಡಿ ಅಂದವಳೂ ಅವಳೇ. ಅದನ್ನೇ ಮಾಡಬೇಕು ಅಂತ ನಾನೂ ಇದ್ದೆ. ಆದರೆ ವಾಸನೆ ಬೇರೆ ಅಂದರೆ ತಾಯಿ ಒದೆಯುತ್ತದೆ, ಸತ್ತ ಮರಿಯ ವಾಸನೆ ಇದಕ್ಕೆ ಹತ್ತಬೇಕು. ಅದಕ್ಕೆ ಸತ್ತ ಮರಿಯ ಚರ್ಮ ಸುಲಿದು ಈ ಮರಿಗೆ ಹೊದಿಸುವ ಮಾತನ್ನು ಮಾತ್ರ ಮಕ್ಕಳಿಗೆ ಹೇಳಲಿಲ್ಲ, ಬಸ್ಸು ಹೋದ ಮೇಲೆ ಮಾಡಿದೆ.

ವಾರ ಕಳೆದು ಆ ಟೀಚರ್ ಫೋನ್ ಮಾಡಿದರು. ಕ್ಲಾಸಿನಲ್ಲಿ ದಿನಾ ಅದೇ ಪ್ರಶ್ನೆಯಂತೆ, ಕುರಿ ಒಪ್ಪಿತಾ ಅಂತ. ಮೂರನೇ ದಿನಕ್ಕೆ ಒಪ್ಪಿತು, ಈಗ ಬೇರೆ ಯಾರನ್ನೂ ಹತ್ತಿರ ಬಿಡುತ್ತಿಲ್ಲ ಅಂದೆ.