ನೀರಿನ ದಾರಿ ಹಿಡಿದು: ಮನೆಯ ಗ್ಯಾರೇಜಿನಲ್ಲಿ 1966ರ ಮಸ್ಟಾಂಗ್

ಹಳೆಯ ಕಾರು ಕೊಳ್ಳಲು ಹೋದವರು ಸಾಮಾನ್ಯವಾಗಿ ಬಾನೆಟ್ ಎತ್ತಿಸಿ ಎಂಜಿನ್ ನೋಡುತ್ತಾರೆ. ನಾನು ಒಂದು ಬಕೆಟ್ ನೀರು ಕೇಳಿದೆ. ಮಾರುವವರಿಗೆ ವಿಷಯ ಗೊತ್ತಿತ್ತು; ಮುಖ ಸ್ವಲ್ಪ ಸಪ್ಪಗಾಯಿತು. ಫೋರ್ಡ್ ಕಂಪನಿಯ ಈ ಮಸ್ಟಾಂಗ್ ಕಾರಿನ ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಬರಲು ಸೀಳುಗಳಿವೆ. ಅವುಗಳ ಕೆಳಗೆ ಎರಡು ತಗಡು ಬೆಸೆದು ಮಾಡಿದ ಮುಚ್ಚಿದ ತೊಟ್ಟಿಯೊಂದಿದೆ, ನಾನಿರುವ ಅಮೆರಿಕದಲ್ಲಿ ಅದನ್ನು ಕೌಲ್ ಎನ್ನುತ್ತಾರೆ. ಮಳೆನೀರು ಅದರೊಳಗೆ ಬಿದ್ದು ಎರಡೂ ತುದಿಗಳಿಂದ ಹೊರಗೆ ಹರಿಯಬೇಕು, ಗಾಳಿ ಮಾತ್ರ ತೊಟ್ಟಿಯಲ್ಲಿ ಎದ್ದುನಿಂತ ಎರಡು ಕೊರಳುಗಳ ಮೂಲಕ ಕಾರಿನೊಳಗೆ ಇಳಿಯಬೇಕು. ಮರದಡಿ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಎಲೆಗಳು ಆ ತೊಟ್ಟಿಯಲ್ಲೇ ಕೊಳೆಯುತ್ತವೆ, ಒದ್ದೆ ಆರುವುದಿಲ್ಲ, ಕೊರಳಿನ ಬುಡ ತೂತು ಬೀಳುತ್ತದೆ. ಮಾರುವವರೇ ನೀರು ಸುರಿದರು. ನಾನು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಟಾರ್ಚ್ ಹಿಡಿದು ಮಲಗಿದ್ದೆ. ಎಡಗಡೆ ಒಣಗಿಯೇ ಇತ್ತು, ಬಲಗಡೆ ತೊಟ್ಟಿಕ್ಕಿತು. ಕಾರ್ಪೆಟ್ ಎತ್ತಿದರೆ ನೆಲದ ತಗಡಿನ ತೂತಿನಿಂದ ಹುಲ್ಲು ಕಾಣುತ್ತಿತ್ತು. ಬೆಲೆ ಇಳಿಯಿತು, ಕಾರು ಟ್ರೇಲರ್ ಏರಿತು.

ಮಂಡ್ಯದಲ್ಲಿರುವ ಅಪ್ಪನಿಗೆ ವಿಡಿಯೊದಲ್ಲಿ ತೋರಿಸಿದೆ. "ಅಷ್ಟು ದೂರ ಹೋಗಿ, ದುಡಿದು, ಕಡೆಗೆ ಗುಜರಿ ಸಾಮಾನು ತಂದೆಯೇನೋ?" ಎಂದರು. ಉತ್ತರ ಕೊಡುವ ಹಾಗಿರಲಿಲ್ಲ.

ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ನ ಹೊರವಲಯದಲ್ಲಿ. ವೃತ್ತಿ ಸಾಫ್ಟ್‌ವೇರ್, ಕೈಗೆ ಗ್ರೀಸ್ ಹತ್ತಿದ್ದು ನಲವತ್ತು ದಾಟಿದ ಮೇಲೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದಡಿ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯೇ ಇದೆ. ಮೇಲೆ ಕಾರು ಮಾಡುವ ಊರು, ಕೆಳಗೆ ಕಾರು ತಿನ್ನುವ ಉಪ್ಪು. ನನ್ನ ಕಾರಿನ ಗುರುತಿನ ಸಂಖ್ಯೆ 6, ಎಫ್, 07, ಸಿ ಎಂದು ಆರಂಭವಾಗುತ್ತದೆ. ಅಂದರೆ 1966ರ ಮಾದರಿ, ಡಿಯರ್‌ಬಾರ್ನ್ ಕಾರ್ಖಾನೆ, ಗಟ್ಟಿ ಛಾವಣಿಯ ಎರಡು ಬಾಗಿಲಿನ ಮೈ, 289 ಘನ ಇಂಚಿನ ವಿ8 ಎಂಜಿನ್. ಹೊಸದರಲ್ಲಿ 200 ಅಶ್ವಶಕ್ತಿ. ಪಕ್ಕದ ಮನೆಯ ಹಿರಿಯರು ಕಾರು ಕಾರ್ಖಾನೆಯೊಂದರಲ್ಲಿ ಅಚ್ಚು ಮಾಡುವ ಕೆಲಸ ಮಾಡಿ ನಿವೃತ್ತರಾದವರು. ಅವರು ಇದನ್ನು ಮಸಲ್ ಕಾರ್, ಅಂದರೆ ದೊಡ್ಡ ಎಂಜಿನ್ನಿನ ಬಲಶಾಲಿ ಕಾರು, ಎಂದು ಒಪ್ಪುವುದೇ ಇಲ್ಲ. ಅವರ ಪ್ರಕಾರ ಆ ಹೆಸರಿಗೆ 1964ರ ಪಾಂಟಿಯಾಕ್ ಜಿಟಿಒ ಥರ 389 ಘನ ಇಂಚು ಇರಬೇಕು, ಮಸ್ಟಾಂಗ್ ಬರೀ ಪೋನಿ ಕಾರ್, ಅಂದರೆ ಚಿಕ್ಕ ಮೈಯ ಸೊಗಸುಗಾರ ಕಾರು. ಆ ವಾದ ಅವರಿಗೇ ಇರಲಿ. ಹೊಸಬನಾದ ನನಗೆ ಬೇಕಿದ್ದದ್ದು ಬಿಡಿಭಾಗ ಸಿಗುವ ಕಾರು. ಆ ಒಂದೇ ಮಾದರಿ ವರ್ಷದಲ್ಲಿ ಫೋರ್ಡ್ ಆರು ಲಕ್ಷಕ್ಕೂ ಹೆಚ್ಚು ಮಸ್ಟಾಂಗ್ ಮಾಡಿತು. ಹಾಗಾಗಿ ನೆಲದ ತಗಡಿನಿಂದ ಬಾಗಿಲಿನ ರಬ್ಬರಿನವರೆಗೆ ಇವತ್ತಿಗೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಅಪರೂಪದ ಕಾರಿನ ಮೋಹ ಎರಡನೆಯ ಕಾರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಇಡೀ ಕಾರನ್ನು ಒಮ್ಮೆಗೇ ಬಿಚ್ಚಬಾರದು ಎಂಬುದು ನಾನು ಹಾಕಿಕೊಂಡ ಮೊದಲ ಕಟ್ಟಳೆ. ಇಲ್ಲಿನ ಗ್ಯಾರೇಜುಗಳಲ್ಲಿ ಡಬ್ಬಗಳಾಗಿ ಕುಳಿತ ಕಾರುಗಳಿಗೆ ಲೆಕ್ಕವಿಲ್ಲ. ಬಿಚ್ಚಿದವನ ಉತ್ಸಾಹ ಮುಗಿದು, ಯಾವ ಬೋಲ್ಟು ಎಲ್ಲಿಯದೆಂದು ಮರೆತು, ಕಡೆಗೆ ಡಬ್ಬಗಳ ಸಮೇತ ಮಾರಾಟವಾಗುತ್ತವೆ. ನಾನು ನೀರು ಹರಿದ ದಾರಿಯನ್ನೇ ಕೆಲಸದ ಕ್ರಮ ಮಾಡಿಕೊಂಡೆ. ಮೇಲೆ ಕೌಲ್, ಅದರ ಕೆಳಗೆ ನೆಲ, ಅಲ್ಲಿಂದ ಬಾಗಿಲ ಹೊಸ್ತಿಲಿನ ಟೊಳ್ಳು ತೊಲೆ, ಆಮೇಲೆ ಹಿಂದಕ್ಕೆ ಡಿಕ್ಕಿ. ಮೇಲಿನ ಸೋರಿಕೆ ನಿಲ್ಲಿಸದೆ ಕೆಳಗೆ ಹೊಸ ತಗಡು ಹಾಕಿದರೆ ಅದೂ ಕೆಲವೇ ವರ್ಷ ಬಾಳುತ್ತದೆ. ನೀರಿಗೆ ಸಂಬಂಧವಿಲ್ಲದ ತುಕ್ಕೂ ಒಂದಿತ್ತು: ಬ್ಯಾಟರಿ ಕೂರುವ ಬಲಮುಂದಿನ ಒಳಗೋಡೆ. ಅದು ಆಸಿಡ್ಡಿನ ಕೆಲಸ.

ಕೌಲ್ ತೆರೆಯುವುದಕ್ಕೆ ಮಡ್‌ಗಾರ್ಡ್, ಬಾನೆಟ್, ಮುಂದಿನ ಗಾಜು ಎಲ್ಲ ಕಳಚಬೇಕು. ಮೇಲಿನ ತಗಡು ಸಾಲುಸಾಲು ಸ್ಪಾಟ್ ವೆಲ್ಡ್‌ಗಳಿಂದ ಕೂತಿರುತ್ತದೆ. ಬಣ್ಣ ಉಜ್ಜಿ ತೆಗೆದು, ಪ್ರತಿ ಬೆಸುಗೆಯ ಚುಕ್ಕೆ ಹುಡುಕಿ, ಅದಕ್ಕೆಂದೇ ಸಿಗುವ ಬಿಟ್‌ನಿಂದ ಮೇಲಿನ ಪದರವನ್ನಷ್ಟೇ ಕೊರೆಯಬೇಕು. ಕೆಳಗಿನ ಪದರಕ್ಕೆ ಪೆಟ್ಟಾಗಬಾರದು. ಬೇಸರದ ಕೆಲಸ, ನಿಜ. ಆದರೆ ಗಣಕದ ಮುಂದೆ ದಿನವಿಡೀ ಕುಳಿತು ಬಂದವನಿಗೆ ಒಂದೊಂದು ಚುಕ್ಕೆ ಬಿಡಿಸಿದಾಗಲೂ ಏನೋ ಮುಗಿಸಿದ ಸಮಾಧಾನ ಸಿಗುತ್ತಿತ್ತು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಳೆಯ ಬ್ರೇಕ್ ದೂಳಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಹಾಗಾಗಿ ಬಣ್ಣ ಉಜ್ಜುವಾಗ ಒಳ್ಳೆಯ ಮುಖಗವಸು ಕಡ್ಡಾಯ, ಬ್ರೇಕ್ ದೂಳನ್ನು ಗಾಳಿ ಊದಿ ಹಾರಿಸುವುದಂತೂ ಕೂಡದು. ಮಗಳು ಗ್ಯಾರೇಜಿಗೆ ಕಾಲಿಡದಂತೆ ಹೆಂಡತಿ ಬಾಗಿಲಿಗೆ ಚಿಲಕವನ್ನೇ ಹಾಕಿಸಿದಳು.

ಬೆಸುಗೆ ಕಲಿಯಲು ಹತ್ತಿರದ ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಗೆ ಸೇರಿದೆ. ಈ ಇಡೀ ಸಾಹಸದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಖರ್ಚು ಅದು. ಕಾರಿನ ತಗಡು ತೆಳು, ಮಿಲಿಮೀಟರಿನ ಆಸುಪಾಸು. ಅದಕ್ಕೆ ಮಿಗ್ ಎಂಬ, ತಂತಿ ತಾನಾಗಿ ಹೊರಬರುವ ಬೆಸುಗೆ ಯಂತ್ರದಲ್ಲಿ 0.023 ಇಂಚಿನ ತಂತಿ, ಮುಕ್ಕಾಲು ಆರ್ಗಾನ್ ಮತ್ತು ಕಾಲು ಭಾಗ ಇಂಗಾಲದ ಡೈಆಕ್ಸೈಡ್ ಬೆರೆಸಿದ ಅನಿಲ ಬಳಸಿದೆ. ಗೆರೆ ಎಳೆದ ಹಾಗೆ ಒಂದೇ ಸಮನೆ ಬೆಸೆದರೆ ಶಾಖಕ್ಕೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಂದು ಚುಕ್ಕೆ ಇಲ್ಲಿ, ಮುಂದಿನದು ಒಂದು ಗೇಣು ಆಚೆ, ಮುಟ್ಟಿ ನೋಡಿ ಆರಿದ ಮೇಲೆ ನಡುವಿನದು. ಹೀಗೆ ಚುಕ್ಕೆಗಳು ಕೂಡುವವರೆಗೆ ತಾಳ್ಮೆ ಬೇಕು. ಅಂಗಡಿಯಿಂದ ಬರುವ ಹೊಸ ತಗಡಿಗೆ ಕಪ್ಪು ಲೇಪ ಇರುತ್ತದೆ. ಬೆಸೆಯುವ ಅಂಚಿನಲ್ಲಿ ಅದನ್ನು ಉಜ್ಜಿ ಲೋಹ ಹೊಳೆಯುವಂತೆ ಮಾಡದಿದ್ದರೆ ಬೆಸುಗೆ ಹಿಡಿಯುವುದಿಲ್ಲ.

ಮಸ್ಟಾಂಗ್‌ಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ನೆಲ ಅಥವಾ ಹೊಸ್ತಿಲು ಕತ್ತರಿಸುವ ಮುನ್ನ ಬಾಗಿಲಿನ ಜಾಗಕ್ಕೆ ಚೌಕ ಕೊಳವೆಗಳನ್ನು ಅಡ್ಡಡ್ಡ ಬೆಸೆದು ಬಿಗಿ ಮಾಡಿದೆ, ಮೂಲೆಯಿಂದ ಮೂಲೆಗೆ ಅಳತೆ ತೆಗೆದು ಗೋಡೆಯ ಮೇಲೆ ಬರೆದಿಟ್ಟೆ. ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಮಟ್ಟಸವಾಗಿ ನಿಲ್ಲಿಸಿ ಒಂದು ಸಲಕ್ಕೆ ಒಂದೇ ಬದಿ ಕತ್ತರಿಸಿದೆ. ಪಕ್ಕದ ಮನೆಯ ಹಿರಿಯರು ದಿನವೂ ಬಂದು ಟೇಪು ಹಿಡಿದು ಅಡ್ಡ ಅಳತೆ ನೋಡುತ್ತಿದ್ದರು. ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆ ಬಂದರೂ ಅವರ ಹುಬ್ಬು ಏರುತ್ತಿತ್ತು. ನಾನು ಕೆಲಸ ನಿಲ್ಲಿಸುತ್ತಿದ್ದೆ.

ಬೆಂಕಿಯ ವಿಷಯ ಹೇಳಲೇಬೇಕು. ಈ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕೇ ಡಿಕ್ಕಿಯ ನೆಲ. ಅದನ್ನು ಇಳಿಸಿ ಮನೆಯಿಂದ ದೂರ ಇಟ್ಟ ಮೇಲೆಯೇ ಬೆಸುಗೆಯ ಯಂತ್ರ ಹೊರಬಂದದ್ದು. ಕಾರಿನಡಿಯ ಹಳೆಯ ಡಾಂಬರು ಲೇಪ ಬೆಸುಗೆಯ ಶಾಖಕ್ಕೆ ಒಳಗೊಳಗೇ ಹೊಗೆಯಾಡುತ್ತದೆ, ಹಾಗಾಗಿ ಯಂತ್ರ ಆರಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂರುತ್ತೇನೆ. ಇನ್ನೊಂದು, ಬಹಳ ಜನ ಕಡೆಗಣಿಸುವುದು: ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತಗಡು ಒರೆಸಿ ಬೆಸೆದರೆ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಆ ಡಬ್ಬ ನನ್ನ ಗ್ಯಾರೇಜಿಗೆ ಬರುವುದೇ ಇಲ್ಲ.

ಕೀಲು, ಬ್ರಾಕೆಟ್, ಬೋಲ್ಟುಗಳ ತುಕ್ಕಿಗೆ ಮಾತ್ರ ಮಂಡ್ಯದವನಿಗೆ ತಕ್ಕ ಮದ್ದು ಸಿಕ್ಕಿತು: ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಕಾಕಂಬಿ. ಇಲ್ಲಿ ದನದ ಮೇವಿನ ಅಂಗಡಿಗಳಲ್ಲಿ ಅದು ಸಿಗುತ್ತದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ಎಣ್ಣೆ ಜಿಡ್ಡು ತೆಗೆದ ಭಾಗಗಳನ್ನು ಮುಳುಗಿಸಿ, ಮುಚ್ಚಿಟ್ಟು ಎರಡು ವಾರ ಮರೆತುಬಿಡಬೇಕು. ತುಕ್ಕಿನ ಕಬ್ಬಿಣಾಂಶವನ್ನು ಅದು ಹಿಡಿದು ಕರಗಿಸುತ್ತದೆ, ಗಟ್ಟಿ ಉಕ್ಕಿನ ತಂಟೆಗೆ ಹೆಚ್ಚು ಹೋಗುವುದಿಲ್ಲ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಹಾಕಬಾರದು, ಹಾಳಾಗುತ್ತವೆ. ಹೊರತೆಗೆದ ತಕ್ಷಣ ತೊಳೆದು, ಒಣಗಿಸಿ, ಪ್ರೈಮರ್ ಬಳಿಯಬೇಕು. ಬಿಟ್ಟರೆ ಗಂಟೆಗಳಲ್ಲೇ ಹೊಸ ತುಕ್ಕು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹುಳಿಬಂದ ಕಾಕಂಬಿಯ ವಾಸನೆ ಬೀದಿಯ ತುದಿಗೂ ಹೋಗುತ್ತದೆ. ನೆರೆಯವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಲ್ಲುವ ಮೈಷುಗರ್ ಕಾರ್ಖಾನೆಯ ರಸ್ತೆ ನೆನಪಾಗಿ ಹಾಯೆನಿಸುತ್ತಿತ್ತು.

ನೆಲ ಗಟ್ಟಿಯಾದ ಮೇಲೆ ಬ್ರೇಕ್. ಎಂಜಿನ್ ಅದರ ನಂತರ. ಓಡುವ ಕಾರನ್ನು ನಿಲ್ಲಿಸಲಾಗದಿದ್ದರೆ ಓಡಿಸಿ ಏನು ಪ್ರಯೋಜನ? 1966ರ ಮಾದರಿಯಲ್ಲಿ ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಒಂದೇ ಕೋಣೆ, ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. 1967ರಿಂದ ಫೋರ್ಡ್ ಮುಂದಕ್ಕೊಂದು ಹಿಂದಕ್ಕೊಂದು ಎಂದು ಎರಡು ಕೋಣೆ ಮಾಡಿತು. ನಾನೂ ಅದನ್ನೇ ಹಾಕಿದೆ. ಮೂಲದಲ್ಲಿ ಹೇಗಿತ್ತೋ ಹಾಗೇ ಇರಬೇಕು ಎನ್ನುವ ಶುದ್ಧವಾದಿಗಳು ಬೇಕಾದರೆ ಮುನಿಸಿಕೊಳ್ಳಲಿ. ಕೊಳವೆಗಳನ್ನೆಲ್ಲ ತಾಮ್ರ ಮತ್ತು ನಿಕಲ್ ಮಿಶ್ರಲೋಹಕ್ಕೆ ಬದಲಿಸಿದೆ. ಅದು ಕೈಯಲ್ಲೇ ಬಾಗುತ್ತದೆ, ಉಪ್ಪಿಗೂ ಜಗ್ಗುವುದಿಲ್ಲ.

ಎಂಜಿನ್ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಅದು ಗಟ್ಟಿಪಿಂಡ. ಪ್ಲಗ್ ಬಿಚ್ಚಿ ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು ಕೆಲವು ದಿನ ನೆನೆಸಿದೆ. ಆಮೇಲೆ ಸ್ಪ್ಯಾನರಿನಿಂದ ಕ್ರ್ಯಾಂಕ್ ತಿರುಗಿಸಿದರೆ ಮೆಲ್ಲಗೆ ತಿರುಗಿತು. ಪ್ಲಗ್‌ಗಳಿಗೆ ಕಿಡಿಯ ಸಮಯ ಕೊಡುವ ಸಿಬಿ ಪಾಯಿಂಟ್ ಹೊಸದು, ಪ್ಲಗ್ ಹೊಸದು, ಕಾರ್ಬುರೇಟರ್ ಬಿಚ್ಚಿ ತೊಳೆದದ್ದು. ಇಲ್ಲಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಕೊಳವೆ ಒಂದನ್ನೂ ಉಳಿಸಲಿಲ್ಲ. ಆ ಕಾಲದ ಎಂಜಿನ್‌ನಲ್ಲಿ ವಾಲ್ವ್ ತೆರೆಯಿಸುವ ಕ್ಯಾಮ್‌ಶಾಫ್ಟಿಗೆ ಸತುವಿನ ಅಂಶ ಹೆಚ್ಚಿರುವ ಎಂಜಿನ್ ಆಯಿಲ್ ಬೇಕು, ಈಗಿನ ಕಾರುಗಳ ಆಯಿಲ್‌ನಲ್ಲಿ ಅದು ಕಡಿಮೆ. ಪ್ಲಗ್ ತಂತಿಗಳ ಕ್ರಮ 1-5-4-2-6-3-7-8. ಅದನ್ನು ಸುಣ್ಣದಕಡ್ಡಿಯಲ್ಲಿ ಗೋಡೆಗೆ ಬರೆದಿದ್ದೆ. ಮಗಳು ಮಗ್ಗಿಯ ಜೊತೆ ಅದನ್ನೂ ಬಾಯಿಪಾಠ ಮಾಡಿದಳು.

ಬಣ್ಣ ಇನ್ನೂ ಹೊಡೆದಿಲ್ಲ, ನಾನೇ ಹೊಡೆಯುವುದೂ ಇಲ್ಲ. ಎರಡು ಭಾಗ ಬೆರೆಸುವ ಯುರಿಥೇನ್ ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ, ಅದರ ತುಂತುರು ಶ್ವಾಸಕೋಶಕ್ಕೆ ಕೆಟ್ಟದ್ದು. ಹೊರಗಿನ ಗಾಳಿ ಪೂರೈಸುವ ಮುಖಗವಸು, ಮುಚ್ಚಿದ ಕೋಣೆ ಇಲ್ಲದೆ ಅದನ್ನು ಮನೆಯಲ್ಲಿ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಬಣ್ಣದ ಅಂಗಡಿಯವರಿಗೆ ಕೂಲಿ ಕೊಡುತ್ತೇನೆ. ಸದ್ಯಕ್ಕೆ ಬೂದು ಎಪಾಕ್ಸಿ ಪ್ರೈಮರಿನ ಮೈಯಲ್ಲೇ, ರಸ್ತೆಯ ಉಪ್ಪು ಮಳೆಗೆ ತೊಳೆದುಹೋದ ತಿಂಗಳುಗಳಲ್ಲಿ ಮಾತ್ರ ಓಡುತ್ತಿದೆ. ಬಲಗಡೆ ಹಿಂಚಕ್ರದ ಹಿಂದಿನ ಕೆಳಮೂಲೆಯಲ್ಲಿ ಪುಟ್ಟಿ ಇದೆಯೆಂದು ಅಯಸ್ಕಾಂತ ಹೇಳಿತು, ಅಲ್ಲಿ ಹಿಡಿಯಲೇ ಇಲ್ಲ. ಅದಕ್ಕೆ ಬೇಕಾದ ತಗಡು ಬಂದಿದೆ. ಈ ಶನಿವಾರ ಪುಟ್ಟಿ ಕೆತ್ತಿ ಒಳಗೆಷ್ಟು ಉಳಿದಿದೆ ಎಂದು ನೋಡಬೇಕು.