ನಡು ಹಾಳೆ ಐತಾ ನೋಡು

ಕೋಲಾರದಲ್ಲಿ ಡೂಮ್‌ಲೈಟ್ ಸರ್ಕಲ್ ಅಂತಿದೆ. ಅದನ್ನು ದಾಟುವಾಗೆಲ್ಲ ನನಗೆ ಮಾರ್ವೆಲ್ ಕಾಮಿಕ್ಸ್‌ನ ಖಳನಾಯಕ ಡಾಕ್ಟರ್ ಡೂಮ್ ನೆನಪಾಗಿ ನಗು ಬರುತ್ತೆ. ಒಂದು ಸಲ ಪಕ್ಕದಲ್ಲಿದ್ದವರಿಗೆ ಯಾಕೆ ನಗ್ತಿದೀನಿ ಅಂತ ಹೇಳೋಕೆ ಹೋಗಿ ಪೆಚ್ಚಾದೆ. ಅವತ್ತಿನಿಂದ ಒಬ್ಬನೇ ನಗೋದು.

ನನ್ನ ಹತ್ತಿರ ಇರೋ ಹಳೇ ಕಾಮಿಕ್ಸ್‌ಗಳಲ್ಲಿ ಹೆಚ್ಚಿನವು ಗುಜರಿ ಅಂಗಡಿಯಿಂದ ತೂಕಕ್ಕೆ ತಂದ ಇಂದ್ರಜಾಲ್ ಪುಸ್ತಕಗಳು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಶುರುಮಾಡಿ 1990ರಲ್ಲಿ ನಿಲ್ಲಿಸಿದ ಸರಣಿ ಅದು. ಅದರ ನಾಯಕರು ಫ್ಯಾಂಟಮ್, ಮಾಂಡ್ರೇಕ್, ಆಮೇಲೆ ನಮ್ಮವನೇ ಆದ ಬಹಾದ್ದೂರ್. ಮೂಲದಲ್ಲಿ ಬಂಗಲ್ಲಾ ಆಗಿದ್ದ ಫ್ಯಾಂಟಮ್‌ನ ನಾಡು ಇಲ್ಲಿ ಡೆಂಕಾಲಿ ಆಗಿತ್ತು. ಗುಜರಿಯವನು ತಕ್ಕಡಿಗೆ ಹಾಕುತ್ತಾ, "ಇಷ್ಟು ವಯಸ್ಸಾಗಿ ಬೊಂಬೆ ಪುಸ್ತಕ ಏನ್ಸಾರ್?" ಅಂತ ಕೇಳಿದ್ದ.

ಮೊದಲ ವರ್ಷವೇ ಎಡವಟ್ಟು ಮಾಡಿಕೊಂಡೆ. ದಪ್ಪ, ಮೆತ್ತನೆಯ ಪಿವಿಸಿ ಕವರ್‌ಗಳನ್ನು ತಂದು ಒಂದೊಂದನ್ನೂ ಅದರೊಳಗೆ ತೂರಿಸಿ ಸಜ್ಜೆ ಮೇಲಿಟ್ಟೆ. ಮೇ ತಿಂಗಳ ಬಿಸಿಲಿಗೆ ಕೆಳಗೆ ಕಾಂಕ್ರೀಟು, ಮೇಲೆ ಕಾಂಕ್ರೀಟು. ಮಧ್ಯೆ ಪುಸ್ತಕ ಬೇಯುತ್ತಿದ್ದವು. ಮಳೆ ಬಿದ್ದ ಮೇಲೆ ಇಳಿಸಿ ಒಂದನ್ನು ಎಳೆದೆ, ಫ್ಯಾಂಟಮ್‌ನ ಅರ್ಧ ಮುಖ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಬಂತು. ಪಿವಿಸಿಯನ್ನು ಮೆದುವಾಗಿಸಲು ಬೆರೆಸೋ ರಾಸಾಯನಿಕ ಹೊರಗೆ ಜಿನುಗಿ ಶಾಯಿಯನ್ನೇ ಕರಗಿಸುತ್ತೆ ಅಂತ ಆಮೇಲೆ ತಿಳೀತು. ಈಗ ಪಾಲಿಪ್ರೊಪಿಲೀನ್ ಕವರ್ ಮಾತ್ರ. ಕೈಯಲ್ಲಿ ಮುದುರಿದರೆ ಚರಚರ ಅನ್ನಬೇಕು. ಹೊಸ ರೇನ್‌ಕೋಟಿನ ವಾಸನೆ ಬಂದರೆ ಅಂಗಡಿಯಲ್ಲೇ ಬಿಟ್ಟು ಬರ್ತೀನಿ.

ಕಾಗದ ಹಳದಿಯಾಗೋದನ್ನು ನಿಲ್ಲಿಸೋಕಾಗಲ್ಲ. ಇವನ್ನು ಅಚ್ಚು ಹಾಕಿದ ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದಲ್ಲಿ, ಮರದ ನಾರನ್ನು ಗಟ್ಟಿಯಾಗಿ ಹಿಡಿದಿಡೋ ಲಿಗ್ನಿನ್ ಅನ್ನೋ ಅಂಶ ಹಾಗೇ ಉಳಿದಿರುತ್ತೆ. ಬೆಳಕು, ಗಾಳಿ ತಾಗಿದಂತೆ ಅದು ಆಮ್ಲವಾಗಿ ಪುಟವನ್ನು ಹಪ್ಪಳ ಮಾಡುತ್ತೆ. ಬೆನ್ನಿಗೆ ಆಮ್ಲರಹಿತ ರಟ್ಟು, ಕತ್ತಲ ಬೀರು, ತೇವ ಹೀರೋಕೆ ಒಂದಿಷ್ಟು ಸಿಲಿಕಾ ಜೆಲ್. ಅಷ್ಟೇ.

ನನಗೆ ಇಷ್ಟದ ಕೆಲಸ ಅಂದ್ರೆ ಪುಸ್ತಕದ ಬೆನ್ನಿಗೆ ಹೊಡೆದಿರೋ ಸ್ಟೇಪ್ಲರ್ ಪಿನ್ ತೆಗೆಯೋದು. ತುಕ್ಕು ಹಿಡಿದ ಪಿನ್ನು ಸುತ್ತಲಿನ ಕಾಗದವನ್ನು ಕಂದು ಮಾಡಿ ತಿಂದುಹಾಕುತ್ತೆ, ಆಗ ಮೊದಲು ಕಳಚೋದು ನಡು ಹಾಳೆ. ಪುಸ್ತಕವನ್ನು ನಡುವಿಗೆ ಬಿಡಿಸಿ, ಮೊಂಡು ಚಾಕುವಿನ ತುದಿಯಿಂದ ಪಿನ್ನಿನ ಎರಡು ಕಾಲು ಎತ್ತಿ, ಹೊರಗಿನಿಂದ ಮೆಲ್ಲಗೆ ಎಳೀಬೇಕು. ಮುರಿದರೆ ಮುರೀಲಿ, ಕಾಗದ ಮಾತ್ರ ಜಗ್ಗಬಾರದು. ತುಕ್ಕಿನ ಪುಡಿಯನ್ನು ಮೆತ್ತನೆಯ ಕುಂಚದಲ್ಲಿ ಗುಡಿಸಿ, ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಪೋಣಿಸಿ ಒಳಗಡೆ ಗಂಟು ಹಾಕ್ತೀನಿ. ಬಿಗಿಯಾದರೆ ತೂತು ಹರಿಯುತ್ತೆ. ಹೂವು ಕಟ್ಟೋ ಹದ ಬೇಕು. ಇದನ್ನು ನೋಡಿದರೆ ದೊಡ್ಡ ಸಂಗ್ರಾಹಕರು ಬೈತಾರೆ. ಪಿನ್ ಬದಲಾದರೆ, ಪ್ರತಿ ಎಷ್ಟು ಚೆನ್ನಾಗಿದೆ ಅಂತ ಅಂಕ ಕೊಡೋ ಗ್ರೇಡಿಂಗ್‌ನವರ ಕಣ್ಣಲ್ಲಿ ಬೆಲೆ ಇಳಿಯುತ್ತೆ.

ಇಳೀಲಿ. 1938ರಲ್ಲಿ ಹತ್ತು ಸೆಂಟ್‌ಗೆ ಮಾರಿದ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಸೂಪರ್‌ಮ್ಯಾನ್ ಹುಟ್ಟಿದ ಸಂಚಿಕೆ, ಸರಿ. ಆದರೆ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದನ್ನು ತೆರೆದು ಓದೋ ಹಾಗಿಲ್ಲ. ಸಿನಿಮಾ ಬರುತ್ತೆ ಅಂದ ಕೂಡಲೇ ಬೆಲೆ ಏರಿಸೋ ಆಟ ಬೇರೆ. 'ಅವೆಂಜರ್ಸ್: ಡೂಮ್ಸ್‌ಡೇ'ಯನ್ನು ಮೊದಲು 2026ರ ಮೇ 1 ಅಂದವರು ಆಮೇಲೆ ಡಿಸೆಂಬರ್ 18ಕ್ಕೆ ತಳ್ಳಿದರು. ರಾಬರ್ಟ್ ಡೌನಿ ಜೂನಿಯರ್ ಡೂಮ್ ಆಗ್ತಾರೆ ಅಂತ 2024ರಲ್ಲಿ ಗೊತ್ತಾದಾಗಲೇ ಕೊಳ್ಳೋಕೆ ನನಗೂ ಕೈ ತುರಿಸಿತ್ತು. ಡೂಮ್ ಮೊದಲು ಬಂದದ್ದು 1962ರ 'ಫೆಂಟಾಸ್ಟಿಕ್ ಫೋರ್' ಐದನೇ ಸಂಚಿಕೆಯಲ್ಲಿ. ಅದು ನನ್ನ ಸಂಬಳಕ್ಕೆ ನಿಲುಕೋದಲ್ಲ. ಹಳೇ ಜಾಹೀರಾತುಗಳನ್ನೂ ಬಿಡದೆ ಹಾಗೇ ಅಚ್ಚು ಹಾಕೋ ಮರುಮುದ್ರಣಗಳು ನನಗೆ ಸಾಕು. ಈ ನಾಯಕರ ಆಟಿಕೆ ಬೊಂಬೆಗಳನ್ನು ಕೊಳ್ಳೋದಂತೂ ಬಿಟ್ಟೇಬಿಟ್ಟೆ. ಡಬ್ಬಿ ಒಡೆಯದೆ ಇಡೋ ತಾಳ್ಮೆ ನನಗಿಲ್ಲ.

ಹೋದ ಬೇಸಿಗೆ ರಜೆಗೆ ಅಕ್ಕನ ಮಗ ಬಂದಿದ್ದ. ದಾರ ಹಾಕಿದ ಒಂದು ಫ್ಯಾಂಟಮ್ ಕೊಟ್ಟು ಕೂರಿಸಿದೆ. ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗು: "ಮಾವ, ಇಲ್ಲಿ ಹಡಗಲ್ಲಿದ್ದ, ಪಕ್ಕದ ಪುಟದಲ್ಲಿ ಗುಹೇಲಿದಾನೆ!" ನಾನು ತರೋದಕ್ಕೆ ಮುಂಚೆಯೇ ಅದರ ನಡು ಹಾಳೆ ಎಲ್ಲೋ ಬಿದ್ದುಹೋಗಿತ್ತು. ನಾಲ್ಕು ಪುಟ. ಏನಾಯ್ತು ಅಂತ ನಾನೇ ಕಟ್ಟಿ ಹೇಳಿದೆ, ಅವನು ನಂಬಲಿಲ್ಲ.

ಮೊನ್ನೆ ಭಾನುವಾರ ಗುಜರಿಯವನ ಫೋನ್.

"ಸಾರ್, ನೀವು ಹೇಳಿದ್ದ ಬೊಂಬೆ ಪುಸ್ತಕ ಒಂದು ಬಂದೈತೆ. ಆದ್ರೆ ಮೇಲಿನ ಅಟ್ಟೆ ಹರಿದೋಗೈತೆ, ನಿಮಗೆ ಆಗಲ್ವೇನೋ."

"ಅಟ್ಟೆ ಬೇಡ ಕಣಪ್ಪ," ಅಂದೆ. "ನಡು ಹಾಳೆ ಐತಾ ನೋಡು."